ಅಪ್ಪನ ಜನತಾ 18, ನನ್ನ ಬ್ಯಾಂಬಿನೊ 21: ತಂಗಿ ಮದುವೆಗೆ ಮುಂಚೆ ಬೆಲ್ಟು ಹುಡುಕಿಕೊಡಿ

ಕೀಕೊಟ್ಟವ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಹಾಸನದಲ್ಲಿ ತಂಗಿ ಮದುವೆ. ಅಪ್ಪನೂ ನಾನೂ ಪಂಚೆ ಶಲ್ಯದಲ್ಲಿ ನಿಲ್ಲಬೇಕು. ಇಬ್ಬರ ಕೈಯಲ್ಲೂ ಒಂದೊಂದು ಒಳ್ಳೆಯ ವಾಚು ಇರಲಿ ಅಂತ ಆಸೆ. ವಾಚು ಎರಡೂ ಇವೆ. ತಲೆನೋವು ಬೆಲ್ಟಿನದು.

ನನ್ನದು ಓರಿಯಂಟ್ ಬ್ಯಾಂಬಿನೊ, ಕೆನೆ ಬಣ್ಣದ ಡಯಲ್, ಗುಮ್ಮಟದ ಹಾಗೆ ಉಬ್ಬಿದ ಗಾಜು. ಎಂಟು ತಿಂಗಳ ಹಿಂದೆ ಕೊಂಡಿದ್ದು. ವಾಚು ನೋಡಿದರೆ ಈಗಲೂ ಖುಷಿಯಾಗುತ್ತೆ, ಆದರೆ ಅದರ ಜೊತೆ ಬಂದ ಬೆಲ್ಟು ರಟ್ಟಿನ ಹಾಗೆ ಗಟ್ಟಿ, ಮೇಲೆ ಮೊಸಳೆ ಚರ್ಮದ ಅಚ್ಚು, ಎಂಟು ತಿಂಗಳಾದರೂ ಮೆತ್ತಗಾಗಲಿಲ್ಲ. ಹೋದ ವಾರ ಆನ್‌ಲೈನಿನಲ್ಲಿ ಕಂದು ಬಣ್ಣದ 20 ಮಿ.ಮೀ. ಬೆಲ್ಟು ತರಿಸಿ ಹಾಕಿದೆ. ಎರಡೂ ಪಕ್ಕ ಗ್ಯಾಪ್ ಕಾಣುತ್ತಿತ್ತು, ಹೋಗಲಿ ಅಂದುಕೊಂಡೆ. ಮೂರನೇ ದಿನ ಆಫೀಸಿನ ಸಿಂಕಿನಲ್ಲಿ ಕೈ ತೊಳೆಯುವಾಗ ಪಿನ್ನು ಬಿಟ್ಟುಕೊಂಡು ವಾಚು ಠಣ್ ಅಂತ ಬಿತ್ತು. ದೇವರ ದಯೆ, ಗಾಜು ಒಡೆಯಲಿಲ್ಲ. ನನ್ನ ಎದೆ ಮಾತ್ರ ಒಡೆದುಹೋಯಿತು.

ಅಪ್ಪನದು ಎಚ್‌ಎಂಟಿ ಜನತಾ, ಕೀ ಕೊಡೋ ವಾಚು. ಬಿಳಿ ಡಯಲ್, ಅಷ್ಟೇ. ಅವರ ಮದುವೆಗೆ ನಮ್ಮ ತಾತ ಕೊಡಿಸಿದ್ದು. ಅದಕ್ಕೆ ಮನೆ ಹತ್ತಿರದ ಅಂಗಡಿಯಲ್ಲಿ ಹೊಸ ಬೆಲ್ಟು ಹಾಕಿಸಿದೆ, ಒಳಗೆ ಸ್ಪಂಜು ತುಂಬಿದ ದಪ್ಪ ಬೆಲ್ಟು. ಅಪ್ಪ ಕೈಗೆ ಕಟ್ಟಿಕೊಂಡು ಎರಡು ಸಲ ತಿರುಗಿಸಿ ನೋಡಿ, "ಇದೇನೋ ದಿಂಬಿನ ಮೇಲೆ ಬೆಂಕಿಪೊಟ್ಟಣ ಇಟ್ಟ ಹಾಗಿದೆ" ಅಂದರು. ಬಿಚ್ಚಿ ಬೀರುವಿನಲ್ಲಿಟ್ಟರು.

ಎರಡಕ್ಕೂ ಸೇರಿ ಮೂರು ಸಾವಿರದೊಳಗೆ ಏನು ಮಾಡಲಿ?

ಅರ್ಧಮಿಲಿ

ನಿಮ್ಮ ವಾಚು ಬೀಳೋಕೆ ಕಾರಣ ನೀವೇ ಬರೆದಿದ್ದೀರಿ. ಹಳೆಯ 40.5 ಮಿ.ಮೀ. ಬ್ಯಾಂಬಿನೊಗೆ ಲಗ್ ಅಗಲ, ಅಂದರೆ ಬೆಲ್ಟು ಸಿಕ್ಕಿಸುವ ಎರಡು ಕೊಂಬುಗಳ ನಡುವಿನ ಜಾಗ, 21 ಮಿ.ಮೀ. 20 ಅಲ್ಲ, 22 ಅಲ್ಲ, 21. ಓರಿಯಂಟ್‌ನವರಿಗೆ ಈ ಅಳತೆ ಯಾಕೆ ಹೊಳೆಯಿತೋ ಗೊತ್ತಿಲ್ಲ, ಜಗತ್ತಿನಾದ್ಯಂತ ಬ್ಯಾಂಬಿನೊ ಇಟ್ಟುಕೊಂಡವರು ಇದಕ್ಕೇ ಬೈಯುತ್ತಾರೆ. ಆಮೇಲೆ ಬಂದ 38 ಮಿ.ಮೀ. ಮಾದರಿಗೆ 20 ಮಾಡಿದರು, ಅದಕ್ಕೆ ಸಿಗದ ಬೆಲ್ಟೇ ಇಲ್ಲ.

20ರ ಬೆಲ್ಟು ಹಾಕಿದ್ದು ನಿಜವಾದ ತಪ್ಪಲ್ಲ. ಅದರ ಜೊತೆ ಬಂದ 20ರ ಪಿನ್ನನ್ನೇ ಹಾಕಿದ್ದು ತಪ್ಪು. ಸ್ಪ್ರಿಂಗ್ ಪಿನ್ನಿನ ಎರಡೂ ತುದಿಯಲ್ಲಿ ಒಂದು ಸಣ್ಣ ಮೂತಿ ಇರುತ್ತೆ, ಅದು ಕೊಂಬಿನ ಒಳಗಿನ ತೂತಿಗೆ ಪೂರ್ತಿ ಇಳಿದರೆ ಮಾತ್ರ ಹಿಡಿತ. 21ರ ಜಾಗಕ್ಕೆ 20ರ ಪಿನ್ನು ಹಾಕಿದರೆ ಮೂತಿ ತೂತಿನ ಬಾಯಲ್ಲಿ ಸುಮ್ನೆ ತಗಲಿಕೊಂಡಿರುತ್ತೆ. ಕೈ ತಿರುವಿದಾಗ ಜಾರುತ್ತೆ. ಹಳೆಯ ಬೆಲ್ಟಿನ ಪಿನ್ನು ಎಸೆದಿಲ್ಲ ಅಲ್ವಾ? ಅದನ್ನೇ ತೆಗೆದು ಹೊಸ ಬೆಲ್ಟಿಗೆ ಹಾಕಿ. ಗ್ಯಾಪ್ ಹಾಗೇ ಇರುತ್ತೆ, ವಾಚು ಮಾತ್ರ ಬೀಳಲ್ಲ.

ಗ್ಯಾಪೂ ಬೇಡ ಅಂದರೆ ಎರಡು ದಾರಿ. 21 ಮಿ.ಮೀ. ಬೆಲ್ಟನ್ನೇ ಹುಡುಕುವುದು, ಈಗ ಆನ್‌ಲೈನಿನಲ್ಲಿ ಸಿಗುತ್ತವೆ, ಬಣ್ಣದ ಆಯ್ಕೆ ಕಡಿಮೆ. ಇಲ್ಲವೇ ಮೆತ್ತನೆಯ ಚರ್ಮದ 22 ತಂದು ಒತ್ತಿ ತೂರಿಸುವುದು. ಸ್ವೀಡ್ ಆದರೆ ಸಲೀಸಾಗಿ ಕೂರುತ್ತೆ. ಗಟ್ಟಿ ಚರ್ಮ ಆದರೆ ಅಂಚು ಮಡಚಿಕೊಂಡು ಅಸಹ್ಯವಾಗುತ್ತೆ, ತೆಗೆಯುವಾಗ ನಿಮ್ಮ ಉಗುರೂ ಹೋಗುತ್ತೆ.

ಜನತಾಗೆ 18. ನೀವು ಅಳೆದು ನೋಡಿ, ನನ್ನ ಮಾತು ನಂಬಬೇಡಿ. ಸ್ಕೂಲ್ ಸ್ಕೇಲ್ ಸಾಕು, ಕೊಂಬಿನ ಒಳಗಿನಿಂದ ಒಳಕ್ಕೆ ಅಳೆಯಬೇಕು, ಹಳೆಯ ಬೆಲ್ಟನ್ನು ಅಳೆಯಬಾರದು. ಹಳೆಯದು ಮೊದಲೇ ತಪ್ಪು ಸೈಜಿನದ್ದಾಗಿರಬಹುದು.

ನೂರೈವತ್ತು ರೂಪಾಯಿ

ಇದೆಲ್ಲ ಯಾಕೆ ಗುರು. ಬಸ್ ಸ್ಟ್ಯಾಂಡ್ ಹತ್ತಿರ ಗೂಡಂಗಡಿಯವರ ಹತ್ತಿರ 150 ರೂಪಾಯಿಗೆ ಬೆಲ್ಟು, ಅವರೇ ಹಾಕಿಕೊಡುತ್ತಾರೆ. ವರ್ಷಕ್ಕೊಂದು ಬದಲಿಸಿದರೂ ಹತ್ತು ವರ್ಷಕ್ಕೆ 1500. ಮದುವೆಯಲ್ಲಿ ಯಾರೂ ನಿಮ್ಮ ಮಣಿಕಟ್ಟು ನೋಡಲ್ಲ, ಊಟ ಹೇಗಿತ್ತು ಅಂತ ನೋಡುತ್ತಾರೆ.

ಅರ್ಧಮಿಲಿ

ವರ್ಷಕ್ಕೊಂದು ಅನ್ನುವುದು ಚೆನ್ನಾಗಿದೆ. ನಾನು ತಂದ 150ರ ಬೆಲ್ಟು ಎರಡೂವರೆ ತಿಂಗಳಿಗೆ ಸಿಪ್ಪೆ ಬಿಟ್ಟಿತು. ಅದು ಚರ್ಮ ಅಲ್ಲ, ಬಟ್ಟೆ ಮೇಲೆ ಬಣ್ಣದ ಪ್ಲಾಸ್ಟಿಕ್ಕು. ಅಂಚು ಕತ್ತರಿಸಿದ ಜಾಗ ನೋಡಿ ಸರ್. ಚರ್ಮ ಆದರೆ ನಾರುನಾರಾಗಿ ಕಾಣುತ್ತೆ, ಇದು ಪದರ ಪದರವಾಗಿ ಕಾಣುತ್ತೆ.

ಆದರೆ ಒಂದು ಒಪ್ಪುತ್ತೇನೆ. ಹಾಕಿಕೊಡುವ ಆ ಕೈ ಚೆನ್ನಾಗಿ ಪಳಗಿರುತ್ತೆ. ನಾವು ಅರ್ಧ ಗಂಟೆ ಒದ್ದಾಡುವುದನ್ನು ಅವರು ಚಾ ಕುಡಿಯುತ್ತಾ ಮಾಡಿಬಿಡುತ್ತಾರೆ. ಬೆಲ್ಟು ನೀವು ಆರಿಸಿ ತಂದು ಕೂಲಿ ಅವರಿಗೆ ಕೊಡಿ.

ಜಾಲಹಳ್ಳಿ ಕ್ವಾರ್ಟರ್ಸ್

ಜನತಾ ಅಂದ ತಕ್ಷಣ ಬರೆಯದೆ ಇರೋಕೆ ಆಗಲಿಲ್ಲ. ನಮ್ಮ ಅಪ್ಪ ಎಚ್‌ಎಂಟಿಯಲ್ಲೇ ರಿಟೈರ್ ಆದವರು. ನಮ್ಮ ಮನೆಯಲ್ಲಿ ಗಂಟೆ ಎಷ್ಟು ಅಂತ ಕೇಳಿದರೆ ಮೂರು ಜನ ಮೂರು ಉತ್ತರ ಕೊಡುತ್ತಿದ್ದರು, ಅಪ್ಪ ಹೇಳಿದ್ದೇ ಸರಿ.

ಎಚ್‌ಎಂಟಿ 1953ರಲ್ಲಿ ಬೆಂಗಳೂರಲ್ಲಿ ಶುರುವಾಗಿದ್ದು ಮಷೀನ್ ಟೂಲ್ ಮಾಡುವುದಕ್ಕೆ. ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ವಾಚು ಕಾರ್ಖಾನೆ ಹಾಕಿದ್ದು 1961ರಲ್ಲಿ. ಆಮೇಲೆ ತುಮಕೂರು, ಶ್ರೀನಗರ, ರಾಣಿಬಾಗ್‌ನಲ್ಲೂ ಕಾರ್ಖಾನೆಗಳು ಬಂದವು. ಜನತಾದ ಡಯಲ್ ಮೇಲೆ ಸಣ್ಣಕ್ಷರದಲ್ಲಿ 17 ಜ್ಯುವೆಲ್ಸ್, ಪ್ಯಾರಾ ಶಾಕ್ ಅಂತ ಇದೆಯಾ ನೋಡಿ. ಪ್ಯಾರಾ ಶಾಕ್ ಅನ್ನುವುದು ಸಿಟಿಜನ್‌ನವರದೇ ಏರ್ಪಾಡು, ವಾಚು ಬಿದ್ದರೆ ಒಳಗಿನ ಸೂಕ್ಷ್ಮ ಅಚ್ಚು ಮುರಿಯದ ಹಾಗೆ ಮಾಡಿದ್ದು. ನಿಮ್ಮ ತಾತ ಕೊಟ್ಟ ವಾಚಿನೊಳಗೆ ಅರ್ಧ ಜಪಾನ್ ಇದೆ.

ಬೆಲ್ಟಿನ ವಿಷಯ. ಹಳೆಯ ಬೆಲ್ಟು ಎಸೆಯುವ ಮುಂಚೆ ಬಕಲ್ ತಿರುಗಿಸಿ ನೋಡಿ. ಎಚ್‌ಎಂಟಿ ಅಂತ ಕೊರೆದಿದ್ದರೆ ದಯವಿಟ್ಟು ತೆಗೆದಿಟ್ಟುಕೊಳ್ಳಿ. ಅದನ್ನೇ ಹೊಸ ಬೆಲ್ಟಿಗೆ ಹಾಕಬಹುದು, ಬಕಲ್ ಕೂರುವ ತುದಿಯ ಅಗಲ ಅದಕ್ಕೆ ಹೊಂದಬೇಕು ಅಷ್ಟೇ. 18/16 ಅಂತ ಬರೆದಿರುತ್ತಾರೆ, ವಾಚಿನ ಕಡೆ 18, ಬಕಲ್ ಕಡೆ 16 ಅಂತ ಅರ್ಥ. ಹೀಗೆ ತುದಿಗೆ ಹೋಗುತ್ತಾ ಸಣ್ಣಗಾಗುವ ಬೆಲ್ಟೇ ಹಳೆಯ ವಾಚಿಗೆ ಲಕ್ಷಣ. ಇಡೀ ಉದ್ದಕ್ಕೂ ಒಂದೇ ಅಗಲ ಇದ್ದರೆ ಪಟ್ಟಿ ಕಟ್ಟಿದ ಹಾಗೆ ಕಾಣುತ್ತೆ.

ದಪ್ಪ ಬಹಳ ಮುಖ್ಯ. ಜನತಾ ಚಿಕ್ಕ ವಾಚು, ಸುಮಾರು 35 ಮಿ.ಮೀ. ಅದಕ್ಕೆ ಸ್ಪಂಜು ತುಂಬಿದ ಬೆಲ್ಟು ಬೇಡವೇ ಬೇಡ. 2 ಮಿ.ಮೀ. ದಪ್ಪದ, ಚಪ್ಪಟೆ, ಸಾದಾ ಕರು ಚರ್ಮ. ಹೊಲಿಗೆ ಅದೇ ಬಣ್ಣದ ದಾರದಲ್ಲಿ. ನಿಮ್ಮ ಅಪ್ಪ ಹೇಳಿದ ಬೆಂಕಿಪೊಟ್ಟಣದ ಮಾತು ನೂರಕ್ಕೆ ನೂರು ಸರಿ, ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಜಾಲಹಳ್ಳಿಯಲ್ಲಿ ಎಚ್‌ಎಂಟಿ ಹೆರಿಟೇಜ್ ಮ್ಯೂಸಿಯಂ ಇದೆ. ಅವರನ್ನು ಒಂದು ಸಲ ಕರೆದುಕೊಂಡು ಹೋಗಿ. ನಮ್ಮ ಅಪ್ಪ ಅಲ್ಲಿ ಒಂದು ಮಷೀನಿನ ಮುಂದೆ ಇಪ್ಪತ್ತು ನಿಮಿಷ ನಿಂತಿದ್ದರು, ಮಾತಿಲ್ಲ. ಆಮೇಲೆ "ಇದಕ್ಕೆ ಎಣ್ಣೆ ಬಿಟ್ಟಿಲ್ಲ" ಅಂದರು.

ಕೀಕೊಟ್ಟವ

ಮೇಡಂ, ಬಕಲ್ ನೋಡಿದೆ. ಎಚ್‌ಎಂಟಿ ಅಂತ ಇದೆ! ಅಂಗಡಿಯವರು ಹಳೆಯ ಬೆಲ್ಟನ್ನು ಕಸದ ಡಬ್ಬಕ್ಕೆ ಹಾಕೋಕೆ ಹೊರಟಿದ್ದರು, ಅಪ್ಪ ಕೇಳಿ ಇಸಿದುಕೊಂಡು ಜೇಬಿಗೆ ಹಾಕಿದ್ದರು. ಯಾಕಪ್ಪಾ ಅಂತ ನಾನೇ ರೇಗಿದ್ದೆ.

ಲಗ್ ಅಳೆದೆ, ಸರಿಯಾಗಿ 18. ಅಳೆಯುವಾಗ ಇನ್ನೊಂದು ನೋಡಿದೆ. ಕೊಂಬಿನ ಒಳಗೆ ಕಪ್ಪು ಜಿಡ್ಡು ಗಟ್ಟಿಯಾಗಿ ಕೂತಿತ್ತು, ಹಲ್ಲುಕಡ್ಡಿಯಲ್ಲಿ ಕೆರೆದರೆ ಮೇಣದ ಹಾಗೆ ಸುರುಳಿ ಸುರುಳಿಯಾಗಿ ಬಂತು. ಅದರ ಕೆಳಗೆ ಹೊಳಪು ಹೋಗಿ ಸಣ್ಣ ಸಣ್ಣ ಗುಳಿ ಬಿದ್ದಿವೆ. ಇದು ತುಕ್ಕಾ?

ಕಡಲಕರೆ

ಅದು ಬೆವರು ಮಾರಾಯ್ರೆ. ನಾನು ಉಡುಪಿಯವನು, ಬೆವರಿನ ಬಗ್ಗೆ ನನಗಿಂತ ಜಾಸ್ತಿ ತಿಳಿದವರು ಈ ಚರ್ಚೆಯಲ್ಲಿ ಇರಲಿಕ್ಕಿಲ್ಲ. ನಿಮ್ಮದು ಹಿತ್ತಾಳೆ ಮೇಲೆ ಕ್ರೋಮ್ ಲೇಪನದ ಕೇಸು ಇರಬೇಕು. ಬೆವರಿನ ಉಪ್ಪು, ಮೈಯ ಎಣ್ಣೆ, ಧೂಳು ಎಲ್ಲ ಸೇರಿ ಆ ಮೂಲೆಯಲ್ಲಿ ಕೂತು ಲೇಪನವನ್ನು ತಿನ್ನುತ್ತದೆ. ಗುಳಿ ಬಿದ್ದದ್ದು ವಾಪಸ್ ಬರುವುದಿಲ್ಲ. ಇನ್ನು ಮುಂದೆ ಬೀಳದ ಹಾಗೆ ನೋಡಿಕೊಳ್ಳಿ. ಬಿಚ್ಚಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸುವುದು, ಅಷ್ಟೇ ಕೆಲಸ.

ಚರ್ಮದ ಬೆಲ್ಟು ನಮ್ಮ ಕಡೆ ಮಾರ್ಚಿನಿಂದ ಮೇವರೆಗೆ ದಂಡ. ನಾನು ಒಂದು ಒಳ್ಳೆಯ ತಿಳಿಗಂದು ಬೆಲ್ಟು ತಂದು ಒಂದು ಸೆಕೆಗಾಲ ಪೂರ್ತಿ ದಿನಾ ಕಟ್ಟಿದೆ. ಜೂನಿಗೆ ಅದರ ಒಳಭಾಗ ಕಪ್ಪಾಗಿ, ವಾಸನೆ ಎಂಥದ್ದು ಅಂದರೆ ಮನೆಯವಳು ಅದನ್ನು ಚಪ್ಪಲಿ ಸ್ಟ್ಯಾಂಡಿನಲ್ಲಿ ಇಟ್ಟಳು. ಮತ್ತೆ ಮಳೆಗಾಲದಲ್ಲಿ ಕಪಾಟಿನೊಳಗೆ ಬೂಷ್ಟು. ಈಗ ನನ್ನ ಲೆಕ್ಕ ಹೀಗೆ: ಚರ್ಮ ಒಂದು ದಿನ ಕಟ್ಟಿದರೆ ಒಂದು ದಿನ ರಜೆ. ಒಳಗಿನ ಬೆವರು ಆರಲಿಕ್ಕೆ ಅಷ್ಟು ಹೊತ್ತು ಬೇಕು. ಫ್ಯಾನಿನ ಕೆಳಗೆ, ಬಿಸಿಲಿಗಲ್ಲ.

ಮದುವೆ ಯಾವ ತಿಂಗಳು? ಹಾಸನ ಆದರೆ ತೊಂದರೆ ಇಲ್ಲ, ತಂಪು. ಆದರೆ ಹೋಮದ ಹತ್ತಿರ ಕೂತರೆ ಎಲ್ಲ ಊರೂ ಉಡುಪಿಯೇ.

ಧಾರವಾಡದಾಂವ

ನೀವೆಲ್ಲಾ ಬೆಲ್ಟು ಬೆಲ್ಟು ಅಂತ ಕುಂತೀರಿ. ಚೈನು ಹಾಕ್ರಿ ಸರ. ನಮ್ಮ ಕಾಕಾ ಅವರ ಎಚ್‌ಎಂಟಿಗೆ ಹಿಗ್ಗುವ ಸ್ಪ್ರಿಂಗ್ ಚೈನು ಇತ್ತು, ಬಕಲ್ ಇಲ್ಲ, ಬಿಚ್ಚೂದಿಲ್ಲ ಕಟ್ಟೂದಿಲ್ಲ, ಸರಕ್ಕನೆ ಒಳಗೆ ಕೈ. ಮೂವತ್ತು ವರ್ಷ ಒಂದೇ ಚೈನು. ಬೆವರು ಬಂದರ ನೀರಾಗ ತೊಳೆದರ ಆತು.

ಜಾಲಹಳ್ಳಿ ಕ್ವಾರ್ಟರ್ಸ್

ತೊಳೆಯುವುದು ಚೈನನ್ನು ಮಾತ್ರ, ವಾಚು ಬಿಚ್ಚಿಟ್ಟು! ಹಳೆಯ ಜನತಾಗೆ ನೀರು ಸೋಕಿಸಬೇಡಿ. ಮತ್ತೆ ಆ ಸ್ಪ್ರಿಂಗ್ ಚೈನು ಕೈ ಕೂದಲು ಕೀಳುತ್ತೆ. ನಮ್ಮ ಚಿಕ್ಕಪ್ಪನ ಎಡಗೈಯಲ್ಲಿ ಒಂದು ಉಂಗುರದಷ್ಟು ಜಾಗದಲ್ಲಿ ಕೂದಲೇ ಇರಲಿಲ್ಲ. ಇನ್ನೊಂದು, ಚೈನಿನ ತುದಿಯ ತಗಡು ಅಲ್ಲಾಡಿ ಅಲ್ಲಾಡಿ ಕೊಂಬಿನ ಒಳಗೆ ಗೀರು ಹಾಕುತ್ತೆ.

ಧಾರವಾಡದಾಂವ

ಕೂದಲಾ ಕಿತ್ತಿದ್ದು ಖರೆ ರೀ. ಆದರ ಪಂಚೆಗೆ ಬಂಗಾರದ ಬಣ್ಣದ ಚೈನು ಏನು ಛಂದ ಕಾಣತಿತ್ತು ಅಂತೀರಿ.

ಭಟ್ಟರ ಮೊಮ್ಮಗ

ಒಂದು ಮಾತು ಯಾರೂ ಹೇಳಲಿಲ್ಲ. ನೀವು ಕನ್ಯಾದಾನಕ್ಕೆ ಕೂರುವವರ ಪಕ್ಕದಲ್ಲಿ ಇರುತ್ತೀರಿ, ನಿಮ್ಮ ಅಪ್ಪನೇ ಕೂರುವವರು. ಕೆಲವು ಪುರೋಹಿತರು ಚರ್ಮ ಬಿಚ್ಚಿಡಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಪೂಜೆಗೆ ಕೂರುವಾಗ ಚರ್ಮದ ಬೆಲ್ಟಿನ ವಾಚು ಕಟ್ಟುವ ಹಾಗೇ ಇಲ್ಲ. ತಾತ ಅದಕ್ಕೇ ವಾಚಿಗೆ ನೈಲಾನ್ ಪಟ್ಟಿ ಹಾಕಿಸಿಕೊಂಡಿದ್ದರು. ಮುಂಚೆಯೇ ಕೇಳಿಕೊಳ್ಳಿ. ಮಂಟಪದಲ್ಲಿ ಬಿಚ್ಚಿ ಯಾರ ಕೈಗೋ ಕೊಟ್ಟರೆ ಆ ಗಲಾಟೆಯಲ್ಲಿ ಜನತಾ ಯಾವ ಚೀಲ ಸೇರುತ್ತೋ ಹೇಳೋಕಾಗಲ್ಲ.

ಮತ್ತೆ ಧಾರೆ. ನೀರು ಸುರಿಯುವುದು ಕೈ ಮೇಲೆಯೇ. ಜಾಲಹಳ್ಳಿ ಮೇಡಂ ಹೇಳಿದ ಹಾಗೆ ಕೀ ಕೊಡೋ ವಾಚಿಗೆ ನೀರು ಆಗಲ್ಲ, ಚರ್ಮಕ್ಕೂ ಆಗಲ್ಲ.

ಕೀಕೊಟ್ಟವ

ಅಯ್ಯೋ, ಇದು ತಲೆಗೇ ಬಂದಿರಲಿಲ್ಲ. ಬ್ಯಾಂಬಿನೊಗೆ 30 ಮೀಟರ್ ಅಂತ ಇದೆ, ಅದಾದರೂ ತಡೆಯುತ್ತಾ?

ಅರ್ಧಮಿಲಿ

30 ಮೀಟರ್ ಅಂದರೆ 30 ಮೀಟರ್ ಆಳಕ್ಕೆ ಮುಳುಗಬಹುದು ಅಂತಲ್ಲ. ಅದು ಹೊಸ ವಾಚಿಗೆ ಅಲುಗಾಡಿಸದೆ ಕೊಟ್ಟ ಒತ್ತಡದ ಲೆಕ್ಕ. ಮಳೆ ಹನಿ, ಕೈ ತೊಳೆಯುವಾಗ ಚಿಮ್ಮಿದ ನೀರು, ಅಷ್ಟಕ್ಕೆ ಪರವಾಗಿಲ್ಲ. ಧಾರೆ ನೀರಿಗೆ ಬ್ಯಾಂಬಿನೊ ಹೆದರಲ್ಲ. ಬೆಲ್ಟು ಹೆದರುತ್ತೆ.

ನೆಕ್ಕರ್ ದಂಡೆ

ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ, ಊರು ಶಿವಮೊಗ್ಗ. ಭಟ್ಟರ ಮೊಮ್ಮಗ ನೈಲಾನ್ ಅಂದಿದ್ದಕ್ಕೆ ನೆನಪಾಯಿತು. ಇಲ್ಲಿ ಪೆರ್ಲಾನ್ ಅಂತ ಬೆಲ್ಟು ಸಿಗುತ್ತೆ. ಜಡೆ ಹೆಣೆದ ಹಾಗೆ ಹೆಣೆದ ನೈಲಾನ್ ಪಟ್ಟಿ, ಬಹಳ ತೆಳು. ಅದಕ್ಕೆ ತೂತೇ ಇಲ್ಲ. ಬಕಲ್ಲಿನ ಮುಳ್ಳನ್ನು ಹೆಣಿಗೆಯ ಸಂದಿಯಲ್ಲಿ ಎಲ್ಲಿ ಬೇಕಾದರೂ ತೂರಿಸಬಹುದು, ಹಾಗಾಗಿ ಅರ್ಧ ತೂತಿನಷ್ಟು ಬಿಗಿ, ಕಾಲು ತೂತಿನಷ್ಟು ಸಡಿಲ, ಎಲ್ಲ ಆಗುತ್ತೆ. ಬೆಳಗ್ಗೆ ಸಣ್ಣಗಿದ್ದ ಕೈ ಮಧ್ಯಾಹ್ನ ಊದುತ್ತಲ್ಲ, ಅದಕ್ಕೆ ಹೇಳಿ ಮಾಡಿಸಿದ್ದು. ಪೆರ್ಲಾನ್ ಅನ್ನುವುದು ಇಲ್ಲಿಯವರು 1938ರಲ್ಲಿ ಕಂಡುಹಿಡಿದ ಒಂದು ಬಗೆಯ ನೈಲಾನಿನ ಹೆಸರು, ಅದೇ ಬೆಲ್ಟಿಗೂ ಉಳಿದುಕೊಂಡಿತು.

ಕಪ್ಪು ಅಥವಾ ಬೂದು ಬಣ್ಣದ್ದು ಹಾಕಿದರೆ ದೂರಕ್ಕೆ ಚರ್ಮದ ಹಾಗೇ ಕಾಣುತ್ತೆ. ಒದ್ದೆಯಾದರೆ ಬೇಗ ಒಣಗುತ್ತೆ. ಇಲ್ಲಿ ಹತ್ತಿರದಲ್ಲೇ ಫೋರ್ಟ್ಸ್‌ಹೈಮ್ ಅಂತ ಊರಿದೆ, ಒಡವೆಗೂ ವಾಚಿಗೂ ಹೆಸರಾದದ್ದು. ಅಲ್ಲಿನ ಅಂಗಡಿಯ ಅಜ್ಜ ನನ್ನ ಎಚ್‌ಎಂಟಿ ಪೈಲಟ್ ನೋಡಿ ಹಿಂಬದಿ ತೆಗೆದು, ಒಳಗೆ ಇಣುಕಿ, "ಸಿಟಿಜನ್" ಅಂದುಬಿಟ್ಟ. ನಾನು "ಬೆಂಗಳೂರು" ಅಂದೆ. ಹತ್ತು ನಿಮಿಷ ಇಬ್ಬರೂ ಹೀಗೇ ಜಗಳ.

ನೇಟೋ ಪಟ್ಟಿ ಮಾತ್ರ ಬೇಡ. ಅದು ಬ್ರಿಟಿಷ್ ಸೈನ್ಯಕ್ಕಾಗಿ 1973ರಲ್ಲಿ ಗೊತ್ತುಮಾಡಿದ ಮಾದರಿ. ಪಿನ್ನು ಒಂದು ಹೋದರೂ ವಾಚು ಬೀಳದಿರಲಿ ಅಂತ ಒಂದೇ ಪಟ್ಟಿ ವಾಚಿನ ಹೊಟ್ಟೆ ಕೆಳಗೆ ಹಾದುಹೋಗುತ್ತೆ. ಕೆಲಸಕ್ಕೆ ಬಹಳ ಒಳ್ಳೆಯದು. ಆದರೆ ಕೆಳಗೆ ಎರಡು ಪದರ ಬಂದು ವಾಚು ಎತ್ತರಕ್ಕೆ ಏರುತ್ತೆ. ಮೊದಲೇ ಉಬ್ಬಿದ ಗಾಜಿನ ಬ್ಯಾಂಬಿನೊ, ಅದನ್ನು ಮತ್ತೆ ಸ್ಟೂಲಿನ ಮೇಲೆ ಹತ್ತಿಸಿದ ಹಾಗೆ.

ಸಣ್ಣ ಮಣಿಕಟ್ಟು

ಇಲ್ಲಿ ಎಲ್ಲರೂ ಅಗಲದ ಬಗ್ಗೆಯೇ ಬರೆದಿದ್ದೀರಿ, ಉದ್ದದ ಬಗ್ಗೆ ಒಬ್ಬರೂ ಇಲ್ಲ. ನನ್ನ ಮಣಿಕಟ್ಟು ಐದೂವರೆ ಇಂಚು. ನನ್ನ ಮಾವನವರ ಎಚ್‌ಎಂಟಿ ಸೋನಾ ನಾನೇ ಕಟ್ಟುತ್ತೇನೆ, ಬಂಗಾರದ ಲೇಪನದ ತೆಳು ವಾಚು, ಸೀರೆಗೆ ಅದರಷ್ಟು ಚೆನ್ನಾಗಿ ಹೊಂದುವುದು ಇನ್ನೊಂದಿಲ್ಲ. ಅಂಗಡಿಯಲ್ಲಿ ಸಿಗುವ ಮಾಮೂಲಿ ಬೆಲ್ಟು 115/75, ಅಂದರೆ ತೂತಿರುವ ತುಂಡು 115 ಮಿ.ಮೀ., ಬಕಲ್ ಇರುವ ತುಂಡು 75. ನನಗೆ ಅದು ಕೊನೆಯ ತೂತಿಗೂ ಸಡಿಲ, ಬಾಲ ಉಳಿದು ಸೆರಗಿಗೆ ಸಿಕ್ಕಿಕೊಳ್ಳುತ್ತೆ. ಅಂಗಡಿಯವರು ಏನು ಮಾಡುತ್ತಾರೆ? ಮೊಳೆಯಲ್ಲಿ ಇನ್ನೆರಡು ತೂತು ಹೊಡೆದು ಕೊಡುತ್ತಾರೆ. ಆಗ ಬಕಲ್ ಕೈಯ ಕೆಳಗೆ ನಡುವೆ ಬರದೆ ಪಕ್ಕಕ್ಕೆ ಹೋಗುತ್ತೆ, ವಾಚು ಇನ್ನೊಂದು ಪಕ್ಕಕ್ಕೆ ಜಾರುತ್ತೆ. ಇಡೀ ದಿನ ತಿರುಗಿಸಿಕೊಳ್ಳುವುದೇ ಕೆಲಸ.

ಸಣ್ಣ ಕೈಯವರು 105/65 ಅಂತ ಕೇಳಿ ತರಿಸಿ. ತೂತು ಐದೋ ಏಳೋ ಇದ್ದರೆ ನಡುವಿನ ತೂತಿಗೆ ಸರಿಯಾಗಿ ಕೂತರೆ ಅದು ನಿಮ್ಮ ಉದ್ದ. ಗಂಡಸರೂ ಇದನ್ನು ಅಳೆಯುವುದು ಒಳ್ಳೆಯದು. ಎಲ್ಲರಿಗೂ ಪೈಲ್ವಾನರ ಕೈ ಇರಲ್ಲ, ಒಪ್ಪಿಕೊಳ್ಳಲ್ಲ ಅಷ್ಟೇ.

ನೂರೈವತ್ತು ರೂಪಾಯಿ

ಕೊನೆಯ ಸಾಲು ನನಗೇ ಹೇಳಿದ ಹಾಗಿದೆ.

ಹೊಸಬ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇದೆಲ್ಲ ಓದಿ ನನಗೂ ಒಂದು ಜನತಾ ಬೇಕು ಅನಿಸಿತು. ಆನ್‌ಲೈನಿನಲ್ಲಿ ಗಿಳಿಹಸಿರು ಡಯಲ್ಲಿನದು ಕಣ್ಣಿಗೆ ಬಿತ್ತು, ಹೊಚ್ಚ ಹೊಸದರ ಹಾಗಿದೆ, ರೇಟೂ ಕಡಿಮೆ. ತಗೊಳ್ಳಲಾ?

ಜಾಲಹಳ್ಳಿ ಕ್ವಾರ್ಟರ್ಸ್

ಬೇಡ! ಕೇಂದ್ರ ಸರ್ಕಾರ ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವ ತೀರ್ಮಾನ ಮಾಡಿದ್ದು 2016ರ ಜನವರಿಯಲ್ಲಿ. ಆಮೇಲೆ ಹಳೆಯ ವಾಚಿಗೆ ಒಂದು ಹುಚ್ಚು ಬೇಡಿಕೆ ಬಂತು. ಸವೆದ ವಾಚು ಗುಡ್ಡೆಹಾಕಿ, ಒಂದರ ಕೇಸು ಇನ್ನೊಂದರ ಮಷೀನು ಸೇರಿಸಿ, ಡಯಲ್ಲಿಗೆ ಕಂಡ ಕಂಡ ಬಣ್ಣ ಹೊಡೆದು ಮಾರುತ್ತಾರೆ. ಡಯಲ್ ಮೇಲಿನ ಅಕ್ಷರ ಭೂತಗನ್ನಡಿಯಲ್ಲಿ ನೋಡಿ. ಕಾರ್ಖಾನೆಯ ಅಚ್ಚು ಸಣ್ಣದಾಗಿ, ಚೂಪಾಗಿ, ಗೆರೆಗೆ ಸರಿಯಾಗಿ ಇರುತ್ತೆ. ಮತ್ತೆ ಬಳಿದದ್ದು ದಪ್ಪಕ್ಕೆ ಹರಡಿಕೊಂಡು ಒಂಚೂರು ಸೊಟ್ಟ ಇರುತ್ತೆ. ಹಿಂಬದಿ ಗೀರುಮಯ, ಡಯಲ್ ಮಾತ್ರ ಫಳಫಳ ಅಂದರೆ ಅನುಮಾನ ಪಡಿ.

ನನ್ನನ್ನು ಕೇಳಿದರೆ ಮೊದಲು ನಿಮ್ಮ ಮನೆಯ, ದೊಡ್ಡಪ್ಪನ ಮನೆಯ ಬೀರು ಹುಡುಕಿ. ಅವತ್ತಿನ ಕಾಲದಲ್ಲಿ ಮದುವೆ, ರಿಟೈರ್‌ಮೆಂಟು, ಎಸ್ಸೆಸ್ಸೆಲ್ಸಿ ಪಾಸು ಎಲ್ಲದಕ್ಕೂ ಎಚ್‌ಎಂಟಿಯೇ. ನಿಂತುಹೋಗಿದ್ದರೂ ಪರವಾಗಿಲ್ಲ, ಎಣ್ಣೆ ಒಣಗಿರುತ್ತೆ ಅಷ್ಟೇ. ಒಳ್ಳೆಯ ರಿಪೇರಿಯವರು ಬಿಚ್ಚಿ ತೊಳೆದು ಎಣ್ಣೆ ಬಿಟ್ಟರೆ ಓಡುತ್ತೆ. ಗಾಜು ಮಬ್ಬಾಗಿದ್ದರೂ ಹೆದರಬೇಡಿ, ಅದು ಗಾಜಲ್ಲ, ಅಕ್ರಿಲಿಕ್. ಬಿಳಿ ಟೂತ್‌ಪೇಸ್ಟ್ ಬಟ್ಟೆಗೆ ಹಚ್ಚಿ ಹತ್ತು ನಿಮಿಷ ತಿಕ್ಕಿದರೆ ಸಣ್ಣ ಗೀರೆಲ್ಲ ಮಾಯ. ಬ್ಯಾಂಬಿನೊ ಮೇಲೆ ಇದನ್ನು ಪ್ರಯೋಗ ಮಾಡಬೇಡಿ, ಅದು ನಿಜವಾದ ಗಾಜು, ಏನೂ ಆಗಲ್ಲ, ಪೇಸ್ಟು ದಂಡ.

ಕೀಕೊಟ್ಟವ

ಎಲ್ಲರ ಮಾತೂ ಕೇಳಿ ಇವಿಷ್ಟು ತರಿಸಿದೆ. ಜನತಾಗೆ 18/16, ಸಾದಾ ಕಡುಗಂದು ಕರು ಚರ್ಮ, ತೆಳು. ಜೊತೆಗೆ ಕಪ್ಪು ಪೆರ್ಲಾನ್ ಒಂದು, ಮಂಟಪಕ್ಕೆ. ಬ್ಯಾಂಬಿನೊಗೆ 21ರದ್ದೇ ತಿಳಿಗಂದು ಸಿಕ್ಕಿತು. ಎಲ್ಲ ಸೇರಿ 2700 ಆಯಿತು. ಈಗ ಹಾಕುವುದು ಹೇಗೆ? ಹೋದ ಸಲ ಚಾಕು ಜಾರಿ ಕೊಂಬಿನ ಮೇಲೆ ಗೀರು ಬಿದ್ದಿದೆ.

ಅರ್ಧಮಿಲಿ

ಚಾಕುವಾ! ಆ ಮಾತು ಕೇಳಿಯೇ ನನ್ನ ಕೈ ನಡುಗಿತು.

ಸ್ಪ್ರಿಂಗ್ ಪಿನ್ ಟೂಲ್ ಅಂತ ಸಿಗುತ್ತೆ, ಒಂದು ತುದಿ ಹಾವಿನ ನಾಲಿಗೆ ಹಾಗೆ ಸೀಳಿರುತ್ತೆ. ಮೊದಲು ಕೊಂಬಿನ ಹೊರಗೂ ಒಳಗೂ ಸೆಲೋ ಟೇಪ್ ಅಂಟಿಸಿ. ಬಾಗಿಲು ಹಾಕಿ, ಫ್ಯಾನ್ ಆರಿಸಿ, ದೊಡ್ಡ ತಟ್ಟೆಯೊಳಗೆ ಟವೆಲ್ ಹಾಸಿ ಅದರ ಮೇಲೆ ವಾಚು ಬೋರಲು ಮಲಗಿಸಿ. ತಟ್ಟೆ ಯಾಕೆ ಅಂದರೆ ಆ ಪಿನ್ನು ಹಾರಿದರೆ ಮಂಚದ ಕೆಳಗೇ ಹೋಗುತ್ತೆ, ಬೇರೆ ಕಡೆ ಹೋಗಿದ್ದು ನಾನು ನೋಡಿಲ್ಲ. ನಾಲಿಗೆಯನ್ನು ಬೆಲ್ಟಿಗೂ ಕೊಂಬಿಗೂ ನಡುವೆ ತೂರಿಸಿ. ಪಿನ್ನಿನ ಕೊರಳಲ್ಲಿ ಒಂದು ಅಂಚು ಇದೆ, ಅದು ಸೀಳಿಗೆ ಸಿಕ್ಕಿದ್ದು ಕೈಗೆ ಗೊತ್ತಾಗುತ್ತೆ. ಒಳಕ್ಕೆ ಒತ್ತಿ ಹಿಡಿದು ಬೆಲ್ಟನ್ನು ಮೇಲಕ್ಕೆ ಎತ್ತಿ, ಬಂತು. ಹಾಕುವಾಗ ಒಂದು ತುದಿ ಮೊದಲು ತೂತಿಗೆ ಕೂರಿಸಿ, ಇನ್ನೊಂದನ್ನು ಒತ್ತಿ ಜಾರಿಸಿ, ಬೆಲ್ಟನ್ನು ಸ್ವಲ್ಪ ಅಲ್ಲಾಡಿಸಿ. ಟಿಕ್ ಅಂತ ಸಣ್ಣ ಸದ್ದು ಬರಬೇಕು. ಬರದಿದ್ದರೆ ಕೂತಿಲ್ಲ. ಆಮೇಲೆ ಎರಡೂ ತುಂಡು ಹಿಡಿದು ಜೋರಾಗಿ ಎಳೆದು ನೋಡಿ. ಮನೆಯಲ್ಲಿ ಬಿಟ್ಟುಕೊಂಡರೆ ಟವೆಲ್ ಮೇಲೆ ಬೀಳುತ್ತೆ.

ಅಪ್ಪನ ವಾಚಿನ ಹಳೆಯ ಪಿನ್ನು ಮಾತ್ರ ಮತ್ತೆ ಹಾಕಬೇಡಿ. ಅಷ್ಟು ಬೆವರು ತಿಂದ ಮೇಲೆ ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದಿರುತ್ತೆ. ಹೊಸದು ಹತ್ತಿಪ್ಪತ್ತು ರೂಪಾಯಿ.

ಉದ್ದದ ತುಂಡು, ತೂತಿರುವುದು, 6ರ ಕಡೆ. ಬಕಲ್ಲಿನದು 12ರ ಕಡೆ. ನಗಬೇಡಿ, ಉಲ್ಟಾ ಹಾಕಿಕೊಂಡು ಆಫೀಸಿಗೆ ಹೋದವನು ನಾನು.

ಕೀಕೊಟ್ಟವ

ಮದುವೆ ಮುಗಿಯಿತು. ಎಲ್ಲ ಸಾಂಗವಾಗಿ ಆಯಿತು. ವರದಿ ಒಪ್ಪಿಸುತ್ತೇನೆ.

ಪುರೋಹಿತರು ಚರ್ಮದ ಬಗ್ಗೆ ಏನೂ ಅನ್ನಲಿಲ್ಲ, ಆದರೆ ಅಪ್ಪನೇ ಪೆರ್ಲಾನ್ ಹಾಕು ಅಂದರು. ಧಾರೆ ಎರೆಯುವಾಗ ಮಾತ್ರ ವಾಚು ಬಿಚ್ಚಿ ನನ್ನ ಜುಬ್ಬಾ ಜೇಬಿಗೆ ಹಾಕಿದರು. ಸಂಜೆ ಆರತಕ್ಷತೆಗೆ ಕಡುಗಂದು ಚರ್ಮದ್ದು ಹಾಕಿ, ಹಳೆಯ ಬಕಲ್ ಅದಕ್ಕೆ ಸಿಕ್ಕಿಸಿ ಕೊಟ್ಟೆ. ಅವರು ಹಳೆಯ ಬೆಲ್ಟನ್ನು ಹೊಸದರ ಪಕ್ಕದಲ್ಲಿಟ್ಟು ನೋಡಿದರು. ಹಳೆಯದರಲ್ಲಿ ಮೂರನೇ ತೂತು ಎಳೆದು ಎಳೆದು ಉದ್ದಕ್ಕೆ ಹಿಗ್ಗಿತ್ತು. ನಾಲ್ಕನೆಯದು ಹೊಸದರ ಹಾಗೇ ಇತ್ತು. ಹೊಸ ಬೆಲ್ಟನ್ನು ಮೂರಕ್ಕೆ ಹಾಕಿದರೆ ಸಡಿಲ, ನಾಲ್ಕಕ್ಕೆ ಸರಿಯಾಗಿ ಕೂತಿತು. "ಸಣ್ಣಗಾಗಿದ್ದೀನಿ ಕಣೋ" ಅಂದರು. ಕೀ ಕೊಟ್ಟು ಕಿವಿಗೆ ಹಿಡಿದು ಕೇಳಿಸಿಕೊಂಡರು, ಆಮೇಲೆ ಊಟದ ಕಡೆ ನೋಡಿಕೊಳ್ಳೋಕೆ ಹೋದರು. ಬೆಂಕಿಪೊಟ್ಟಣದ ಮಾತು ಬರಲಿಲ್ಲ.

ನನ್ನ ಬ್ಯಾಂಬಿನೊ ಫೋಟೋದಲ್ಲಿ ಚೆನ್ನಾಗಿ ಬಂದಿದೆ, ಬೀಳಲಿಲ್ಲ. ಒಂದೇ ದುಃಖ. ಅರಿಶಿನ ಶಾಸ್ತ್ರದ ದಿನ ಬಿಚ್ಚಿಡೋಕೆ ಮರೆತೆ. ಅತ್ತೆಯಂದಿರು ಸುಮ್ನೆ ಬಿಡುತ್ತಾರಾ? ಹೊಸ ತಿಳಿಗಂದು ಬೆಲ್ಟಿನ ಮೇಲೆ ಐದು ಬೆರಳೂ ಮೂಡಿವೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಇನ್ನೂ ಹರಡಿತು.

ಕಡಲಕರೆ

ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ. ಬಿಸಿಲಿಗಲ್ಲ ಅಂತ ಮೊದಲು ಹೇಳಿದವನೂ ನಾನೇ, ಈಗ ಬಿಸಿಲಿಗೇ ಇಡಿ ಅನ್ನುತ್ತಿದ್ದೇನೆ. ಬೆಲ್ಟು ಮಾತ್ರ, ವಾಚು ಬಿಚ್ಚಿ. ಬೆಳಗ್ಗಿನ ಎಳೆ ಬಿಸಿಲು, ಒಂದೊಂದು ಗಂಟೆ, ನಾಲ್ಕೈದು ದಿನ. ಚರ್ಮ ಒಣಗಿದ ಹಾಗೆ ಕಂಡರೆ ಲೆದರ್ ಕ್ರೀಮ್ ಒಂಚೂರು ಹಚ್ಚಿ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಕಪ್ಪಾಗಿ ಕೂರುತ್ತದೆ.

ನೂರೈವತ್ತು ರೂಪಾಯಿ

ನನ್ನ ಬೆಲ್ಟಾದರೆ ಪ್ಲಾಸ್ಟಿಕ್ಕು, ಒರೆಸಿದರೆ ಹೋಗುತ್ತಿತ್ತು.

ಕೀಕೊಟ್ಟವ

ಗುರು, ಇವತ್ತು ಮೊದಲ ದಿನ ಬಾಲ್ಕನಿಯಲ್ಲಿ ಬಟ್ಟೆ ಕ್ಲಿಪ್ ಹಾಕಿ ನೇತುಹಾಕಿದ್ದೇನೆ. ಕಿರುಬೆರಳು ಸ್ವಲ್ಪ ಮಾಸಿದ ಹಾಗಿದೆ.